ಕಾಲು ಮುಂದಾಗಿ ಹುಟ್ಟಿದವಳು

ಮೊನ್ನೆ ಸಿಂಧನೂರಿನಲ್ಲಿ ಸಕ್ಕರೆ ಕಾಯಿಲೆಯ ಡಾಕ್ಟರಮ್ಮ ನನ್ನ ಎಡಗಾಲನ್ನು ಒಂದು ಸ್ಟೂಲಿನ ಮೇಲೆ ಇಡಿಸಿಕೊಂಡು, ಗಾಳದ ದಾರದಂಥ ಬಿರುಸಾದ ಒಂದು ಎಳೆಯನ್ನು ಕೈಗೆತ್ತಿಕೊಂಡಳು. ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ. “ಕಣ್ಣು ಮುಚ್ರಿ ಅಮ್ಮಾ. ಚುಚ್ಚಿದ್ದು ಗೊತ್ತಾದ ಕೂಡ್ಲೇ ಹೂಂ ಅನ್ರಿ” ಎಂದಳು. ನಾನು ಕಣ್ಣು ಮುಚ್ಚಿ, ಹೂಂ ಅನ್ನುವುದಕ್ಕೆ ಬಾಯಿ ಸಜ್ಜು ಮಾಡಿಕೊಂಡು ಕುಳಿತೆ. ಹೊರಗೆ ಕಾಂಪೌಂಡರ್ ಯಾರನ್ನೋ ಗದರಿಸುತ್ತಿದ್ದ, ಬಸ್ಸು ಹಾರನ್ ಹೊಡೆಯುತ್ತಿತ್ತು. ಇವಳು ಮಾತ್ರ ಚುಚ್ಚಲೇ ಇಲ್ಲ.

“ಯಾವಾಗ ಚುಚ್ಚತೀಯವಾ?” ಎಂದೆ.

“ಬೆರಳಿಗೆ ಚುಚ್ಚೀನ್ರಿ, ಅಂಗಾಲಿಗೂ ಚುಚ್ಚೀನಿ. ನೀವು ಸುಮ್ಮನ ಕುಂತೀರಿ.”

ಕಣ್ಣು ಬಿಟ್ಟು ಕಾಲನ್ನು ನೋಡಿದೆ. ಅದು ಅಲ್ಲೇ ಇತ್ತು, ನನ್ನದೇ ಕಾಲು, ಕಾಲುಂಗುರದ ಗುರುತಿನ ಸಮೇತ. ಆದರೆ ಅದಕ್ಕೂ ನನಗೂ ಮಾತು ಬಿಟ್ಟುಹೋಗಿತ್ತು. ಹುಡುಗಿ ನನ್ನ ಮುಖ ನೋಡಿ, “ಗಾಬರಿ ಆಗಬ್ಯಾಡ್ರಿ, ಸಕ್ಕರಿ ಇದ್ದೋರಿಗೆ ಕಾಲು ಹಿಂಗ ಜಡಾ ಆಗತೈತಿ. ಹಿಂಬಡ ಒಂದು ಉಳದೈತಿ, ಅದನ್ನೂ ನೋಡೋಣು” ಎಂದವಳು, ಪಕ್ಕದ ಕೋಣೆಯಿಂದ ಯಾರೋ ಅವಸರವಾಗಿ ಕರೆದರೆಂದು ಎದ್ದುಹೋದಳು. ನಾನೂ ನನ್ನ ಕಾಲೂ ಎದುರುಬದುರಾಗಿ ಕುಳಿತೆವು.

ಈ ಕಾಲು ಸಾಮಾನ್ಯ ಕಾಲಲ್ಲ ಎಂದು ಹೇಳಿದರೆ ನೀವು ನಗುತ್ತೀರಿ. ನಗಿರಿ, ಆದರೆ ಕೇಳಿ. ಒಂದು ಕಾಲದಲ್ಲಿ ಮಸ್ಕಿಯ ಗುಡ್ಡದ ಕೆಳಗಿನ ನಮ್ಮ ಮನೆಗೆ ಜನ ಈ ಕಾಲನ್ನು ಹುಡುಕಿಕೊಂಡು ಬರುತ್ತಿದ್ದರು. ಎಲ್ಲರೂ ತಲೆ ಮುಂದಿಟ್ಟು ಭೂಮಿಗೆ ಬಂದರೆ ನಾನು ಕಾಲು ಮುಂದಿಟ್ಟು ಬಂದವಳು. ಅದರಲ್ಲೂ ಮೊದಲು ಹೊರಗೆ ಬಂದದ್ದು ಎಡಗಾಲೇ ಎಂದು ನಮ್ಮಜ್ಜಿ ಆಣೆ ಮಾಡಿ ಹೇಳುತ್ತಿದ್ದಳು. “ತಲಿ ಕಡೀಕೆ ಬಂದದ್ದಕ್ಕ ಬುದ್ಧಿನೂ ತಡಾ ಆಗಿ ಬಂತು” ಎಂದು ನಮ್ಮ ಯಜಮಾನರು ಇರುವವರೆಗೂ ನನ್ನನ್ನು ಆಡಿಕೊಂಡರು. ಹಾಗೆ ಹುಟ್ಟಿದವರ ಕಾಲು ಸೋಂಕಿದರೆ ಬೆನ್ನಿನ ಚಳಕು ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಚಳಕು ಗೊತ್ತಲ್ಲ? ಬಗ್ಗಿ ಏನೋ ಎತ್ತಲು ಹೋದಾಗ ಬೆನ್ನಿನಲ್ಲಿ ಛಳಕ್ ಎಂದು ಹಿಡಿದು, ಮನುಷ್ಯನನ್ನು ಅರ್ಧ ಬಗ್ಗಿದ ಹಾಗೆಯೇ ನಿಲ್ಲಿಸಿಬಿಡುತ್ತದೆ, ಅದು.

ಆಗ ನಿಜಾಮರ ರಾಜ್ಯ ಹೋಗಿ ಒಂದೆರಡು ವರ್ಷ ಕಳೆದಿತ್ತು. ನಾನು ಲಂಗ ಉಟ್ಟು ಓಡಾಡುವ ಹುಡುಗಿ. ಅಮಾವಾಸ್ಯೆ ಮತ್ತು ಆದಿತ್ಯವಾರದ ಬೆಳಗ್ಗೆ ಮನೆಯ ಮುಂದೆ ಬೆನ್ನುಗಳು ಬಂದು ನಿಲ್ಲುತ್ತಿದ್ದವು. ಕಾಲುವೆ ಅಗೆಯಲು ಹೋಗಿ ಹಿಡಿಸಿಕೊಂಡವರು, ಹತ್ತಿಯ ಅಂಡಿಗೆ ಎತ್ತಿದವರು, ಕೊಡ ಹೊತ್ತ ಹೆಂಗಸರು. ಅಜ್ಜಿ ಅವರನ್ನು ಪಡಸಾಲೆಯ ಹೊಸ್ತಿಲ ಬಳಿ ಬೋರಲು ಮಲಗಿಸುವಳು. ನಾನು ಬಾಗಿಲ ಸರಪಳಿ ಹಿಡಿದುಕೊಂಡು, ಒಂದೇ ಕಾಲಿನಲ್ಲಿ ನಿಂತು, ಎಡಗಾಲಿನ ಹಿಂಬಡದಿಂದ, ಅಂದರೆ ಹಿಮ್ಮಡಿಯಿಂದ, ಅವರ ಬೆನ್ನನ್ನು ಮೇಲಿನಿಂದ ಕೆಳಕ್ಕೆ ಒತ್ತಬೇಕು. “ಒದೀಬ್ಯಾಡ, ಒತ್ತು. ಅವರೇನು ನಿನ್ನ ವೈರಿ ಅಲ್ಲ” ಎಂದು ಅಜ್ಜಿ ಪಕ್ಕದಲ್ಲಿ ನಿಂತು ಹೇಳುವಳು. ಒತ್ತಿ ಮುಗಿದ ಮೇಲೆ ಹಿರಿಯರಿಗೆ ಕಾಲು ತಾಗಿಸಿದ ತಪ್ಪಿಗೆ ನಾನು ಅವರ ಕಾಲಿಗೆ ಬೀಳಬೇಕು. ಅವರು ಹಿಂದಿರುಗಿ ನೋಡದೆ ಹೋಗಬೇಕು.

ಒಮ್ಮೆ ನಮ್ಮ ಶಾಲೆಯ ಮಾಸ್ತರರೇ ಬಂದು ಮಲಗಿದರು. ಹಿಂದಿನ ದಿನ ಮಗ್ಗಿ ತಪ್ಪಿದ್ದಕ್ಕೆ ನನ್ನ ಅಂಗೈಗೆ ಛಡಿಯಿಂದ ಕೊಟ್ಟಿದ್ದರು. ಅಂಗೈ ಇನ್ನೂ ಚುರುಗುಟ್ಟುತ್ತಿತ್ತು. ಕಾಲಿನ ಕೆಳಗೆ ಅವರ ಬೆನ್ನು ಹಲಗೆಯಂತೆ ಬಿದ್ದಿತ್ತು. ನನಗೆ ಬಂದ ಸಂತೋಷವನ್ನು ಏನೆಂದು ಹೇಳಲಿ! ಆದರೆ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಹೂವಿನ ಹಾಗೆ ಒತ್ತಿದೆ. ಕಾಲಿಗೆ ಬಿದ್ದಾಗ ಮಾಸ್ತರರು ತಲೆಯ ಮೇಲೆ ಕೈಯಿಟ್ಟು, “ಮಗ್ಗಿ ಬಾಯಿಪಾಠ ಮಾಡಬೇಕವಾ” ಎಂದು ಆಶೀರ್ವದಿಸಿದರು.

ಬಂದವರೆಲ್ಲರಿಗೂ ನನ್ನ ಕಾಲು ಸಿಗುತ್ತಿರಲಿಲ್ಲ. ಅಜ್ಜಿ ಮೊದಲು ಕೇಳುವಳು, “ಎಂಥಾ ಬ್ಯಾನಿ?” ಆಗ ಅವರು ಹೇಳುವುದನ್ನು ಕೇಳುವುದೇ ನನಗೊಂದು ಸೋಜಿಗ. ತಲೆಯಾದರೆ ಸಿಡಿಯುತ್ತದೆ, ಹೊಟ್ಟೆಯಾದರೆ ನುಲಿಯುತ್ತದೆ, ಕುರುವಾದರೆ ಮಿಡಿಯುತ್ತದೆ, ನಡೆದು ನಡೆದು ದಣಿದ ಕಾಲು ಹರಿಯುತ್ತದೆ. ಒಂದು ಮೈಯಲ್ಲಿ ಇಷ್ಟೊಂದು ಬಗೆಯ ಕೆಲಸ ಮಾಡುವ ನೋವು ಎಲ್ಲಿ ಕುಳಿತಿರುತ್ತದೆ, ಯಾರು ಅದಕ್ಕೆ ಇದನ್ನೆಲ್ಲ ಕಲಿಸಿದರು ಎಂದು ನಾನು ಊಟ ಮಾಡುವಾಗಲೂ ಯೋಚಿಸುತ್ತಿದ್ದೆ. “ಹಿಡಕೊಂಡೈತಿ” ಎಂದವರಿಗೆ ಮಾತ್ರ ಅಜ್ಜಿ ಚಾಪೆ ಹಾಸುವಳು. ಉಳಿದವರಿಗೆ ಕಷಾಯ, ಶಾಖ, ಇಲ್ಲವೇ ದವಾಖಾನೆಯ ಹಾದಿ.

ಈಗ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪನದು ಬಟ್ಟೆ ವ್ಯಾಪಾರ. ಮಸ್ಕಿಯಲ್ಲೊಂದು ಸಣ್ಣ ಅಂಗಡಿ. ಉಳಿದಂತೆ ನೆರೆಮನೆಯ ಮೌಲಾಸಾಬರ ಗಾಡಿಯಲ್ಲಿ ಗಂಟು ಹೇರಿಕೊಂಡು ತುರ್ವಿಹಾಳ, ಮುಕ್ಕುಂದ, ಸಿಂಧನೂರು ಎಂದು ಸಂತೆಯಿಂದ ಸಂತೆಗೆ ತಿರುಗಾಟ. ಅಪ್ಪ ಸಂತೆಯಲ್ಲಿ ಒಮ್ಮೆ ಕುಳಿತರೆ ಹೊತ್ತು ಮುಳುಗುವವರೆಗೆ ಏಳುತ್ತಿರಲಿಲ್ಲ. ಅದು ಅವನ ಹೆಮ್ಮೆ. ಎದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ನೀರು ಕುಡಿದರೆ ಏಳಬೇಕಾಗುತ್ತದೆ. ಆದ್ದರಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ನಮ್ಮ ಕಡೆಯ ಬೇಸಗೆ ನಿಮಗೆ ಗೊತ್ತಿದ್ದರೆ ಇದು ಎಂಥ ತಪಸ್ಸು ಎಂದು ಗೊತ್ತಾಗುತ್ತದೆ. ಇನ್ನೊಂದು ಹೆಮ್ಮೆ ನನ್ನ ಕಾಲು. ಧೋತರ ಅಳೆದುಕೊಡುತ್ತಲೇ, “ಬೆನ್ನು ಹಿಡದೈತೇನು? ಆಯಿತವಾರ ನಮ್ಮ ಮನಿಗೆ ಬಾ. ನನ್ನ ಮಗಳು ಕಾಲು ಇಟ್ಟರ ಸಾಕು” ಎಂದು ಗಿರಾಕಿಗಳಿಗೆ ಹೇಳಿ ಕಳಿಸುತ್ತಿದ್ದ.

ಯುಗಾದಿ ಕಳೆದ ಮೇಲಿನ ಉರಿ ದಿನಗಳು. ತುರ್ವಿಹಾಳದ ಸಂತೆಯಿಂದ ಬಂದ ಅಪ್ಪ ಗಾಡಿಯಿಂದ ಇಳಿಯುವಾಗ ಸೊಂಟದ ಮೇಲೆ ಕೈಯಿಟ್ಟುಕೊಂಡಿದ್ದ. “ಗಾಡಿ ಕುಲುಕಾಟಕ್ಕ ಬೆನ್ನು ಹಿಡದೈತಿ. ಬಾ ಮಗಳ, ನಿನ್ನ ಕಾಲು ತಾ” ಎಂದ. ಅಂದು ಆದಿತ್ಯವಾರವಲ್ಲ. ಮಗನಿಗೋಸ್ಕರ ಅಜ್ಜಿ ನಿಯಮ ಸಡಿಲಿಸಿದಳು. ನಾನು ಒತ್ತಿದೆ. “ಹೋತು ನೋಡು!” ಎಂದು ಅಪ್ಪ ಎದ್ದು ಕುಳಿತು, ಅವ್ವನ ಕಡೆ ತಿರುಗಿ ನಕ್ಕ. ರೊಟ್ಟಿಯನ್ನೂ ಉಂಡ. ನಾನು ನನ್ನ ಕಾಲನ್ನು ನಾನೇ ಮೆಚ್ಚಿಕೊಂಡು, ಅದಕ್ಕೆ ಎಣ್ಣೆ ಸವರಿಕೊಂಡು ಮಲಗಿದೆ.

ಮರುದಿನವೂ ಹಿಡಿಯಿತು, ಅದರ ಮರುದಿನವೂ. ಪ್ರತಿ ಸಲವೂ ನಾನು ಕಾಲಿಟ್ಟ ಕೂಡಲೇ “ಹೋತು” ಎನ್ನುತ್ತಿದ್ದ. ಹೊರಗೆ ಕಟ್ಟೆಯ ಮೇಲೆ ಹೋಗಿ ಒಬ್ಬನೇ ಬೆವರುತ್ತಿದ್ದ. ಅವ್ವ ಲಿಂಗಸುಗೂರಿನ ದವಾಖಾನೆಗೆ ಹೋಗೋಣವೆಂದಳು. ಅಪ್ಪನಿಗೆ ಸಿಟ್ಟು ಬಂತು. “ಊರ ಮಂದಿ ಬೆನ್ನೆಲ್ಲಾ ನನ್ನ ಮಗಳು ಆರಾಮ ಮಾಡ್ಯಾಳ. ಆಕಿ ಅಪ್ಪನೇ ದವಾಖಾನಿಗೆ ಹೋದ ಅಂದರ ನಾಳೆ ಆಕಿ ಕಾಲಿಗೆ ಏನು ಕಿಮ್ಮತ್ತು ಉಳಿತು?” ಎಂದ. ನನ್ನ ಮರ್ಯಾದೆ ಕಾಯುವುದಕ್ಕಾಗಿ ಅವನು ನೋವನ್ನು ನುಂಗುತ್ತಿದ್ದ ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಿಮ್ಮತ್ತು ಎಂಬ ಮಾತು ಕೇಳಿ ನನಗೆ ಖುಷಿಯೇ ಆಯಿತು.

ಆಮೇಲೊಂದು ಬೆಳಗ್ಗೆ ಅಪ್ಪ ಎಂದಿನಂತೆ ಹೊಸ್ತಿಲ ಬಳಿ ಬೋರಲು ಮಲಗಿದ. ಅಷ್ಟು ಸೆಕೆಯಲ್ಲೂ ಹಲ್ಲು ಕಟಕಟ ಎನ್ನುವಂತೆ ಚಳಿ ಬಂದಿತ್ತು. ಮೈ ಮುಟ್ಟಿದರೆ ಕಾದ ಹಂಚು. ನಾನು ಸರಪಳಿ ಹಿಡಿದು ಕಾಲು ಎತ್ತಿದೆ. ಇಡಲು ಹೋದರೆ ಅಪ್ಪನ ಬೆನ್ನು ಅಲ್ಲಿರಲಿಲ್ಲ. ಮಗ್ಗುಲಾಗಿದ್ದ. ಮತ್ತೆ ಬೋರಲಾದ. ಮತ್ತೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಒತ್ತಿ, “ಯವ್ವಾ, ಯವ್ವಾ” ಎಂದ. ಅಜ್ಜಿ ಅವನ ಭುಜ ಹಿಡಿದು ಮಲಗಿಸುತ್ತಿದ್ದಳು, ಅವನು ಜಾರಿಕೊಳ್ಳುತ್ತಿದ್ದ.

ನಾನು ಕಾಲು ಇಳಿಸಿದೆ. ನನ್ನ ಹಿಂಬಡಕ್ಕೆ ಊರಿನ ಚಳಕುಗಳೆಲ್ಲ ಪರಿಚಯ. ಚಳಕು ಹಿಡಿದವನು ಅಲುಗಾಡುವುದಿಲ್ಲ. ಕೆಮ್ಮು ಬಂದರೂ ಹೆದರಿ ತಡೆದುಕೊಳ್ಳುತ್ತಾನೆ, ಉಸಿರನ್ನೂ ಅಳೆದು ಬಿಡುತ್ತಾನೆ. ಅಪ್ಪನಿಗೆ ಯಾವ ಮಗ್ಗುಲಲ್ಲೂ ನೆಲೆಯಿರಲಿಲ್ಲ.

“ಅಜ್ಜಿ, ಅಪ್ಪನ ಬೆನ್ನು ನಿಂದರವಲ್ದು. ಚಳಕಿನ ಬೆನ್ನು ಹಿಂಗ ಹೊರಳಾಡಂಗಿಲ್ಲ” ಎಂದೆ. ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತು.

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ಆಗ ಮಾತಾಡಿದಳು. ಅತ್ತೆಯ ಮುಂದೆ ತಲೆಯೆತ್ತಿ ಮಾತಾಡಿದವಳಲ್ಲ ಅವಳು. “ಅತ್ತಿ, ನಾ ಮೂರು ದಿನಾ ಆತು ನೋಡಾಕತ್ತೀನಿ. ಇದು ಬರತೈತಿ, ಏರತೈತಿ, ಇಳೀತೈತಿ. ನಡುವ ಬಿಡುವು ಕೊಡತೈತಿ. ಇದು ಹಡಿಯೋರ ಬ್ಯಾನಿ ಹಂಗ ಐತಿ.”

“ಹುಚ್ಚಿ! ಗಂಡಸಿಗೆ ಹಡಿಯೋ ಬ್ಯಾನಿ ಬರತೈತೇನ?” ಎಂದಳು ಅಜ್ಜಿ. ಆದರೆ ಅಂದ ಮೇಲೆ ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ನನ್ನ ಕಾಲನ್ನೂ ನೋಡಿದಳು. ಹಡೆದವಳೇ ಅಲ್ಲವೇ ಅವಳೂ. “ಮೌಲಾಸಾಬಗ ಗಾಡಿ ಹೂಡಾಕ ಹೇಳ್ರಿ” ಎಂದಳು.

ಅಪ್ಪ ಆಗಲೂ, “ಮಂದಿ ಏನಂದಾರು?” ಎಂದು ತೊದಲಿದ.

“ಮಂದಿ ಏನರ ಅನ್ಲಿ. ನೀವು ಉಳೀರಿ ಸಾಕು” ಎಂದಳು ಅವ್ವ.

ಗಾಡಿಯಲ್ಲಿ ಜೋಳದ ಕಣಿಕೆಯ ಮೇಲೆ ಕೌದಿ ಹಾಸಿ ಅಪ್ಪನನ್ನು ಮಲಗಿಸಿದರು. ಅವ್ವ ಪಕ್ಕದಲ್ಲಿ, ನಾನು ಕಾಲ ಬಳಿ. ಲಿಂಗಸುಗೂರಿನ ಆ ಹಾದಿಯಷ್ಟು ಉದ್ದದ ಹಾದಿಯನ್ನು ನಾನು ಮತ್ತೆ ಎಂದೂ ನೋಡಿಲ್ಲ. ವಿಚಿತ್ರವೆಂದರೆ, ನೋವು ಇಳಿದ ಕೂಡಲೇ ಅಪ್ಪ ಎಂದಿನ ಅಪ್ಪನೇ. “ಮೌಲಾ, ಮುಂದಿನ ಸಂತಿಗೆ ಕೆಂಪಂಚಿನ ಧೋತರ ಹೆಚ್ಚಿಗಿ ಒಯ್ಯಬೇಕಪಾ” ಎನ್ನುವನು. ಮಾತು ಮುಗಿಯುವ ಮೊದಲೇ ಅದು ಬರುವುದು. ಎಲ್ಲಿಂದಲೋ ಬರುವುದು. ಮುಖ ಬೂದಿಯಾಗುವುದು, ಕಣ್ಣು ಒಳಕ್ಕೆ ತಿರುಗುವುದು. ಆಗ ಅವ್ವ ಅವನ ಕೈ ಹಿಡಿದುಕೊಂಡು, “ಉಸಿರು ಹಿಡೀಬ್ಯಾಡ್ರಿ, ಬಿಡ್ರಿ. ಅದರ ಕೂಡ ಜಗ್ಗಾಡಬ್ಯಾಡ್ರಿ. ಬಂದದ್ದು ಹೋಗತೈತಿ. ಈಗ ಏರಾಕತ್ತೈತಿ... ಇನ್ನ ಸ್ವಲ್ಪ... ಈಗ ಇಳೀತೈತಿ ನೋಡ್ರಿ” ಎನ್ನುವಳು. ಅವಳು ಹೇಳಿದ ಹಾಗೆಯೇ ಇಳಿಯುತ್ತಿತ್ತು! ತನ್ನ ಮೈಯಲ್ಲಿ ಇಲ್ಲದ ನೋವಿನ ಏರು ಇಳಿವು ಇವಳಿಗೆ ಹೇಗೆ ಗೊತ್ತಾಗುತ್ತದೆ? ನಾನು ಬಾಯಿ ಬಿಟ್ಟುಕೊಂಡು ಅವ್ವನನ್ನೇ ನೋಡಿದೆ. ಹಾಡುಹಗಲು, ದಾರಿಯಲ್ಲಿ, ಗಂಡ ಹೆಂಡತಿ ಕೈ ಹಿಡಿದುಕೊಂಡಿದ್ದಾರೆಂದು ಮೌಲಾಸಾಬರು ಎತ್ತುಗಳ ಮೇಲಿಂದ ಕಣ್ಣು ತೆಗೆಯದೆ, ಸುಮ್ಮನೆ ಏನೋ ಗುನುಗುತ್ತ ಗಾಡಿ ಹೊಡೆದರು.

ದವಾಖಾನೆಯ ಡಾಕ್ಟರ್ ಸಾಹೇಬರು ದಖನಿ ಮಾತಿನವರು, ಬಿಳಿ ಗಡ್ಡದವರು. ಅಪ್ಪ ಗಾಡಿಯಿಂದ ಇಳಿದು, ಕಂಬ ಹಿಡಿದು, ಕುಳಿತು, ಎದ್ದು, ಮತ್ತೆ ಕುಳಿತದ್ದನ್ನು ಮೆಟ್ಟಿಲ ಮೇಲಿಂದಲೇ ನೋಡುತ್ತ ನಿಂತರು. ಮುಟ್ಟುವ ಮೊದಲೇ, “ಎಲ್ಲಿ ಶುರು ಆಗತೈತಿ, ಎಲ್ಲಿಗೆ ಹೋಗತೈತಿ?” ಎಂದು ಕೇಳಿದರು. ಅಪ್ಪ ನಮ್ಮ ಕಡೆ ನೋಡಿದ. ಸಾಹೇಬರು ನಮ್ಮಿಬ್ಬರನ್ನು ಹೊರಗೆ ಕಳಿಸಿದರು. ಬೆನ್ನಿನಿಂದ ಹೊರಟ ಆ ನೋವು ಪಕ್ಕೆ ಸುತ್ತಿ ಕೆಳಗೆ ಎಲ್ಲಿಗೆ ಇಳಿಯುತ್ತಿತ್ತೆಂಬುದನ್ನು ಅಪ್ಪ ತಾಯಿ, ಹೆಂಡತಿ, ಮಗಳ ಮುಂದೆ ಹೇಗೆ ಹೇಳಿಯಾನು? ಹೇಳಲಾಗುವ ಅರ್ಧವನ್ನಷ್ಟೇ ಹೇಳಿದ್ದ. ಅದಕ್ಕೇ ಮನೆಮಂದಿಯೆಲ್ಲ ಬೆನ್ನು ಹಿಡಿದುಕೊಂಡು ಕುಳಿತಿದ್ದೆವು.

ಮೂತ್ರದ ಹಾದಿಯಲ್ಲಿ ಹರಳು ಸಿಕ್ಕಿಕೊಂಡಿತ್ತು. ಹಿಂದೆ ನಿಂತ ಮೂತ್ರ ಕೆಟ್ಟು ಜ್ವರ ಬಂದಿತ್ತು. “ಇನ್ನೂ ತಡಾ ಮಾಡಿದ್ರ ವಿಷಾ ಮೈಗೆಲ್ಲಾ ಏರ್ತಿತ್ತು, ಉಳಿಸೋದು ಕಠಿಣ ಇತ್ತು” ಎಂದರು ಸಾಹೇಬರು. ಸೂಜಿ ಹಾಕಿದರು. ಅಪ್ಪನ ಹಣೆಯ ಗಂಟು ನನ್ನ ಕಣ್ಣೆದುರಿಗೇ ನಿಧಾನವಾಗಿ ಬಿಚ್ಚಿಕೊಂಡಿತು. ಅವನು ನಿದ್ದೆ ಹೋದ ಮೇಲೆ, ನನ್ನ ಹೊಟ್ಟೆಯಲ್ಲಿದ್ದ ಪ್ರಶ್ನೆ ತಡೆಯಲಾರದೆ ಹೊರಗೆ ಬಂತು. “ಸಾಹೇಬ್ರ, ಹರಳು ಒಳಗ ಐತಿ. ಬ್ಯಾನಿ ಬೆನ್ನಿಗ್ಯಾಕ?”

ಸಾಹೇಬರು ನಗಲಿಲ್ಲ. ಗದರಿಸಲೂ ಇಲ್ಲ. “ದೇಖೋ ಬೇಟಿ,” ಎಂದು ಬೆಂಚಿನ ಮೇಲೆ ಕುಳಿತರು. “ಬ್ಯಾನಿ ಅಂದ್ರ ಬಾಗಿಲಾ ಬಡಿಯೋ ಮನುಷ್ಯಾ ಇದ್ದಂಗ. ಯಾವ ಬಾಗಿಲಾ ಬಡದಾನ ಅಷ್ಟೇ ನೋಡಬಾರದು, ಯಾವ ಊರಿಂದ ಬಂದಾನ ಕೇಳಬೇಕು. ಎದಿ ಕೆಟ್ಟರ ಎಡಗೈ ನೋಯತೈತಿ. ಪಿತ್ತದ ಚೀಲ ಕೆಟ್ಟರ ಬಲಹೆಗಲು ನೋಯತೈತಿ. ಮಾಂಸ ಹಿಡದ್ರ ಮನುಷ್ಯಾ ಅಲ್ಲಾಡಂಗಿಲ್ಲ. ಒಳಗಿನ ಕೊಳವಿ ಹಿಂಡಿದ್ರ ಒಂದ ಕಡೆ ಇರಂಗಿಲ್ಲ, ಅಲಿ ಅಲಿ ಆಗಿ ಬರತೈತಿ. ಕೀವು ತುಂಬಿದ್ರ ನಾಡಿ ಕೂಡ ಮಿಡೀತೈತಿ. ನಿಮ್ಮವ್ವ ಹಡಿಯೋ ಬ್ಯಾನಿ ಹಂಗ ಅಂದಳಂತಲ್ಲ, ಖರೇನ ಅಂದಾಳ. ಎರಡೂ ಒಂದ ಜಾತಿ. ಒಳಗಿಂದು ಹೊರಗ ಹೋಗಾಕ ಹಾದಿ ಹಿಂಡತೈತಿ.” ಆಮೇಲೆ ನನ್ನ ಮೋರೆ ಸಣ್ಣಗಾದದ್ದನ್ನು ಕಂಡರೋ ಏನೋ, “ನಿನ್ನ ಕಾಲಿಂದ ಚಳಕು ಬಿಡತೈತಿ ಅನ್ನೋದೂ ಸುಳ್ಳಲ್ಲ. ಬಿಗಿದ ಮಾಂಸ ಒತ್ತಿದ್ರ ಸಡಲ್ತೈತಿ” ಎಂದರು.

ದವಾಖಾನೆಯ ಜಗಲಿಯ ತುದಿಯಲ್ಲಿ ಒಬ್ಬ ಮನುಷ್ಯ ಬಹಳ ನೆಮ್ಮದಿಯಿಂದ ಕುಳಿತಿದ್ದ. ಅವನ ಬೆರಳುಗಳು ಸುಟ್ಟು ಕಪ್ಪಾಗಿದ್ದವು. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದ್ದನಂತೆ, ಚರ್ಮ ಸುಟ್ಟ ವಾಸನೆ ಬಂದಾಗಲೇ ಗೊತ್ತಾದದ್ದಂತೆ. “ಪಾಪ, ಅಂವಗೆಷ್ಟು ನೋವೋ” ಎಂದೆ. “ಅಂವಗ ನೋವಿಲ್ಲ. ಕುಷ್ಠದಾಗ ಹೋಗೈತಿ” ಎಂದರು ಸಾಹೇಬರು. “ನಿಮ್ಮಪ್ಪಗ ಬಡಿಯೋನು ಇದ್ದ, ಅದಕ್ಕ ಬಂದ್ರಿ. ಇಂವಗ ಬಾಗಿಲಾ ಬಡಿಯೋರ ಇಲ್ಲ. ನನಗ ಇಂವನ ಚಿಂತಿನ ಹೆಚ್ಚು.” ಎಲ್ಲರೂ ಬೇಡ ಬೇಡ ಎಂದು ಓಡಿಸುವ ನೋವು ಇಷ್ಟು ದೊಡ್ಡ ಕಾವಲುಗಾರನೇ? ನಾನು ನನ್ನ ತೊಡೆಯನ್ನು ಮೆಲ್ಲಗೆ ಚಿವುಟಿ ನೋಡಿಕೊಂಡೆ. ನೋವಾಯಿತು. ಅಂದು ಅದನ್ನು ಕಂಡು ನನಗೆ ಭಯ ಭಕ್ತಿ ಎರಡೂ ಬಂದವು.

ಕೆಲವು ದಿನ ದವಾಖಾನೆಯಲ್ಲಿದ್ದು, ಕೊಡಗಟ್ಟಲೆ ನೀರು ಕುಡಿದ ಮೇಲೆ ಹರಳು ಹೊರಗೆ ಬಂತು. ಜ್ವರ ಬಿಟ್ಟಿತು. ಅಪ್ಪ ಹರಳನ್ನು ಅಂಗೈಯಲ್ಲಿ ಇಟ್ಟುಕೊಂಡು ನಮ್ಮ ಮುಂದೆ ಹಿಡಿದ. ಜೋಳದ ಕಾಳಿಗಿಂತ ಸಣ್ಣದು. ಗುಡ್ಡದ ಬಂಡೆಗಳ ನಡುವೆ ಹುಟ್ಟಿ ಬೆಳೆದ ಆಳನ್ನು ಇಷ್ಟು ಸಣ್ಣ ಕಲ್ಲು ನೆಲಕ್ಕೆ ಹಾಕಿತ್ತು. ಬಹಳ ಹೊತ್ತು ಅದನ್ನೇ ನೋಡಿದವನು ತಲೆಯೆತ್ತಿ ಅವ್ವನನ್ನು ಕೇಳಿದ.

“ಈಕೀನ್ನ ಹಡೆಯೋ ಮುಂದ ನಿನಗೂ ಇಷ್ಟ ಬ್ಯಾನಿ ಇತ್ತೇನ?”

ಅವ್ವ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. “ನಿಮ್ಮದು ಸಣ್ಣ ಹರಳ್ರಿ. ನಂದು ಕಾಲು ಮುಂದ ಮಾಡಿಕೊಂಡು ಬಂದಿತ್ತು” ಎಂದಳು, ನೀರು ಚೆಲ್ಲದ ಹಾಗೆ.

ಅಪ್ಪ ಮೊದಲು ನಕ್ಕ. ಆಮೇಲೆ ನಗು ನಿಂತಿತು. ನಾನು ಹುಟ್ಟಿದ ದಿನ ಅವನು ಯಾವುದೋ ಸಂತೆಯಲ್ಲಿದ್ದನಂತೆ; ಮನೆಗೆ ಬಂದಾಗ ಎಲ್ಲವೂ ಮುಗಿದಿತ್ತು, ಪೇಡೆ ಹಂಚುವುದಷ್ಟೇ ಉಳಿದಿತ್ತು. ಅವ್ವ ಕೊಟ್ಟ ನೀರನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಪ್ರಸಾದ ತೆಗೆದುಕೊಂಡವನ ಹಾಗೆ ಕುಡಿದ. ಅಪ್ಪ ಅವ್ವನನ್ನು ಹಾಗೆ ನೋಡಿದ್ದನ್ನು ನಾನು ಅದೇ ಮೊದಲು ಕಂಡೆ. ಆಮೇಲೆ ಸಾಯುವವರೆಗೂ ಹಾಗೆಯೇ ನೋಡಿದ.

ಸಂತೆಗೆ ಹೋಗುವಾಗ ಗಂಟಿನ ಜೊತೆ ಮಣ್ಣಿನ ಹೂಜಿಯೂ ಗಾಡಿ ಏರತೊಡಗಿತು. ಗಿರಾಕಿ ಕಾಯುವಂತಿದ್ದರೂ ಅಪ್ಪ ಎದ್ದುಹೋಗಿ ಬರುತ್ತಿದ್ದ. ನನ್ನ ಕಾಲಿನ ಕಿಮ್ಮತ್ತು ಹೋಗುತ್ತದೆ ಎಂದು ಹೆದರಿದ್ದನಲ್ಲ, ಏನೂ ಹೋಗಲಿಲ್ಲ. ಮುಂದಿನ ಆದಿತ್ಯವಾರವೂ ಬೆನ್ನುಗಳು ಬಂದವು. ಬದಲಾದದ್ದು ಒಂದೇ. ಆರಾಮಾದವರು ನನ್ನ ಕಾಲನ್ನು ಹೊಗಳಿದರೆ, ಕಟ್ಟೆಯ ಮೇಲೆ ಕುಳಿತ ಅಪ್ಪ ಗಟ್ಟಿಯಾಗಿ ಹೇಳುತ್ತಿದ್ದ, “ಕಾಲಿಗೆ ಏನು ಕೈ ಮುಗೀತೀರಿ? ಆ ಕಾಲು ಯಾರ ಜೀವಾ ಹಿಂಡಿ ಹೊರಗ ಬಂತು, ಆಕಿಗೆ ಕೈ ಮುಗೀರಿ.” ಅವ್ವ ನಾಚಿ, “ನಿಮಗೇನು ಹುಚ್ಚ?” ಎಂದು ಒಳಗೆ ಹೋಗಿಬಿಡುತ್ತಿದ್ದಳು. ಹೋದರೂ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಸೀರೆಯ ಸೆರಗು ಕಾಣುತ್ತಿತ್ತು.

“ಸಾರಿ ಅಮ್ಮಾ, ತಡಾ ಆತು” ಎನ್ನುತ್ತ ಡಾಕ್ಟರಮ್ಮ ಬಂದು ಕುಳಿತಳು. ನಾನು ಇನ್ನೂ ಕಾಲನ್ನೇ ನೋಡುತ್ತಿದ್ದೆ. ಬಾಗಿಲು ಬಡಿಯುವವನಿಲ್ಲದ ಆ ಮನುಷ್ಯನ ಸುಟ್ಟ ಬೆರಳು ಕಣ್ಣ ಮುಂದಿತ್ತು. ಇಷ್ಟು ವರ್ಷ ಊರವರ ನೋವನ್ನೆಲ್ಲ ಓಡಿಸಿದ ಕಾಲಿನಿಂದ ಅದರ ಸ್ವಂತ ನೋವೂ ಎದ್ದುಹೋಯಿತೇ ಎಂದು ನನಗೆ ನಿಜಕ್ಕೂ ಭಯವಾಗಿತ್ತು. “ಕಣ್ಣು ಮುಚ್ರಿ” ಎಂದಳು. ಮುಚ್ಚಿದೆ. ನನ್ನ ಅಂಗಾಲನ್ನು ಅತ್ತ ಹೊರಳಿಸಿದಳೆಂದು ಕಾಣುತ್ತದೆ. ಒಂದು ಗಳಿಗೆ ಏನೂ ಇಲ್ಲ.

ಆಮೇಲೆ ಹಿಂಬಡದ ನಟ್ಟನಡುವೆ, ಚುಳ್ ಎಂದಿತು.

“ಯವ್ವಾ!” ಎಂದೆ.

“ಹೂಂ ಅನ್ರಿ ಅಂದ್ರ ಯವ್ವಾ ಅಂತೀರಲ್ರೀ” ಎಂದು ಹುಡುಗಿ ನಕ್ಕಳು. ಮರುಕ್ಷಣ ನನ್ನ ಕೆನ್ನೆ ಒದ್ದೆಯಾದದ್ದನ್ನು ಕಂಡು ದಾರವನ್ನು ಹಿಂದಕ್ಕೆ ತೆಗೆದುಕೊಂಡಳು. “ಭಾಳ ನೋವಾತೇನ್ರಿ?”

“ಆತವಾ” ಎಂದೆ. “ಇನ್ನೊಮ್ಮಿ ಚುಚ್ಚು.”